ಮೀನು ಹಿಡಿಯುವವರ ಮನೆಯಲ್ಲಿ ಹಸಿವೇಕೆ?

ನಮಸ್ಕಾರ ಮೇಡಂ,

ಶಿರಾ ತಾಲ್ಲೂಕಿನ ನಿಮ್ಮ ಹಳ್ಳಿ ಶಾಲೆಯಿಂದ ಬರೆದ ಪತ್ರ ತಲುಪಿತು. ಬಲೆ ಬೀಸುವ ಮನೆಗಳ ಮಕ್ಕಳು ಬೆಳಗ್ಗೆ ಬರೀ ಟೀ ಕುಡಿದು ಬರುತ್ತಾರೆ, ಮಧ್ಯಾಹ್ನದ ಬಿಸಿಯೂಟಕ್ಕೆ ಕಾಯುತ್ತಾ ಕೂರುತ್ತಾರೆ ಎಂದಿದ್ದೀರಿ. ‘ಮೀನು ಹಿಡಿಯೋರ ಮನೇಲಿ ಊಟಕ್ಕೇನು ಬರ? ದುಡಿದಿದ್ದೆಲ್ಲ ಕುಡೀತಾರೆ’ ಅಂತ ನಿಮ್ಮ ಸಹೋದ್ಯೋಗಿಯೊಬ್ಬರು ಅಂದರಂತೆ. ಅದು ನಿಜವಾ ಅಂತ ಕೇಳಿದ್ದೀರಿ.

ಕುಡಿತ ಹಾಳು ಮಾಡಿದ ಮನೆಗಳು ಎಲ್ಲ ಕಸುಬಿನವರಲ್ಲೂ ಇವೆ. ಈ ಮಕ್ಕಳ ಹಸಿವಿಗೆ ಅದನ್ನೇ ಕಾರಣ ಮಾಡಿ ಕೈತೊಳೆದುಕೊಳ್ಳೋದು ಅನ್ಯಾಯ. ಬಲೆ ಅವರದಾದರೂ ಕೆರೆಯ ಮೀನು ಅವರದಲ್ಲ. ಮೊದಲು ನೋಡಬೇಕಾದ್ದು ಇದನ್ನೇ.

ನಮ್ಮ ಕಡೆ ಮೀನು ಪಾಶುವಾರು ಹಕ್ಕನ್ನು, ಅಂದರೆ ಕೆರೆಯಲ್ಲಿ ಮೀನು ಬಿಟ್ಟು ಹಿಡಿಯುವ ಹಕ್ಕನ್ನು, ಹರಾಜಿನಲ್ಲೋ ಗುತ್ತಿಗೆಯಲ್ಲೋ ಕೊಡುತ್ತಾರೆ. ಚಿಕ್ಕ ಕೆರೆಗಳನ್ನು ಗ್ರಾಮ ಪಂಚಾಯಿತಿ ನೋಡಿಕೊಂಡರೆ, ದೊಡ್ಡ ಕೆರೆಗಳು ಮೀನುಗಾರಿಕೆ ಇಲಾಖೆಯ ಕೈಲಿರುತ್ತವೆ. ಮೀನುಗಾರರ ಸಹಕಾರ ಸಂಘ ಗಟ್ಟಿಯಾಗಿದ್ದರೆ ಪರವಾಗಿಲ್ಲ. ಇಲ್ಲದಿದ್ದರೆ ಗುತ್ತಿಗೆ ದುಡ್ಡು, ಮೀನುಮರಿ, ಕಾವಲು ಎಲ್ಲಕ್ಕೂ ಬಂಡವಾಳ ಹಾಕಬಲ್ಲವರೇ ಕೆರೆ ಹಿಡಿಯುತ್ತಾರೆ. ಬಲೆ ಬೀಸುವವನಿಗೆ ಸಿಗೋದು ಕೆಜಿ ಲೆಕ್ಕದ ಕೂಲಿ. ಬಲೆ ಕೊಳ್ಳಲು ಮುಂಗಡ ತೆಗೆದುಕೊಂಡಿದ್ದರೆ ಅದೂ ಆ ಕೂಲಿಯಲ್ಲೇ ಮುರಿದುಹೋಗುತ್ತದೆ.

ಹಿಂದೆ ಬಲೆಗೆ ಬೀಳುತ್ತಿದ್ದ ಸಣ್ಣ ಮೀನು, ಸೀಗಡಿ, ಏಡಿಯನ್ನು ಯಾರೂ ತೂಕ ಹಾಕುತ್ತಿರಲಿಲ್ಲ. ಅವು ಮನೆಗೆ ಬರುತ್ತಿದ್ದವು. ಮುಳ್ಳು ಸಮೇತ ತಿನ್ನುವ ಸಣ್ಣ ಮೀನಿನಲ್ಲಿ ಬೆಳೆಯುವ ಮಕ್ಕಳಿಗೆ ಬೇಕಾದ ಕ್ಯಾಲ್ಸಿಯಂ, ಕಬ್ಬಿಣದ ಅಂಶ ಇರುತ್ತದೆ. ಈಗ ಕೆರೆಗೆ ಬಿಡೋದು ಕಾಟ್ಲಾ, ರೋಹು, ಮೃಗಾಲ್, ಗೆಂಡೆಯಂಥ ದೊಡ್ಡದಾಗಿ ಬೆಳೆಯುವ ಮೀನಿನ ಮರಿ. ಬಿಟ್ಟವರ ಲೆಕ್ಕದಲ್ಲಿ ಕೆರೆಯೊಳಗಿನ ಎಲ್ಲವೂ ಅವರದೇ. ಸಾರಿಗೆ ಅಂತ ಒಂದು ಹಿಡಿ ಮೀನು ಒಯ್ದರೂ ಕಳ್ಳತನ ಅನ್ನಿಸಿಕೊಳ್ಳಬೇಕಾಗುತ್ತದೆ. ನನಗೆ ಅತ್ಯಂತ ನೋವಿನ ಸಂಗತಿ ಇದು.

ಕೆರೆ ತುಂಬಿದರೆ ಕಷ್ಟ ತೀರಿತು ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಮಳೆ ಬಂದ ಮೇಲೆ ಬಿಟ್ಟ ಮರಿ ಮಾರುವ ಗಾತ್ರಕ್ಕೆ ಬರಲು ಎಂಟು ಹತ್ತು ತಿಂಗಳಾದರೂ ಬೇಕು. ಅಷ್ಟರಲ್ಲಿ ಬೇಸಿಗೆ ಬಂದು ನೀರು ಇಳಿಯುತ್ತದೆ. ಸುತ್ತಲಿನ ಕೆರೆಗಳಲ್ಲೆಲ್ಲ ಒಟ್ಟಿಗೇ ಮೀನು ಹಿಡಿಯುತ್ತಾರೆ, ರೇಟು ಬೀಳುತ್ತದೆ. ಏರಿ ಮೇಲೆ ಐಸ್ ಇಲ್ಲದೆ ಕೂತ ಹೆಂಗಸರು ಬಿಸಿಲೇರುವ ಮುಂಚೆ ಮಾರಲೇಬೇಕು. ಕೊಳ್ಳುವವನು ಹೇಳಿದ್ದೇ ಬೆಲೆ. ಕೆರೆ ಬತ್ತಿದ ಮೇಲೆ ಗಂಡಸರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ.

ಕೋಲಾರದಲ್ಲಿ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆರೆಗಳಿಗೆ ಬರುತ್ತಿದೆ. ಆದರೆ ನೀರು ನಿಲ್ಲುವ ಕೆರೆಗೆ ಹರಾಜಿನಲ್ಲಿ ಪೈಪೋಟಿಯೂ ಜಾಸ್ತಿ. ಕೈಯಲ್ಲಿ ದುಡ್ಡಿಲ್ಲದವರು ಅಲ್ಲಿ ನಿಲ್ಲೋದು ಕಷ್ಟ.

ಸರ್ಕಾರದ ನೆರವಿಲ್ಲವಾ ಅಂದರೆ, ಇದೆ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮೀನುಗಾರಿಕೆ ನಿಂತ ಮೂರು ತಿಂಗಳಿಗೆ 4,500 ರೂಪಾಯಿ ಸಿಗುತ್ತದೆ. ಒಳನಾಡಿನವರಿಗೂ ಅವಕಾಶವಿದೆ. ಅದರಲ್ಲಿ 1,500 ರೂಪಾಯಿ ಮೀನುಗಾರರೇ ಕೂಡಿಟ್ಟ ಹಣ. ಐದು ಜನರ ಮನೆಗೆ ಹಂಚಿ ನೋಡಿ, ತಲೆಗೆ ದಿನಕ್ಕೆ ಹತ್ತು ರೂಪಾಯಿ. ಇಷ್ಟಾದರೂ ಬರಬೇಕಾದರೆ ಸಂಘದ ಸದಸ್ಯತ್ವ ಬೇಕು. ಕೂಲಿಗೆ ಬಲೆ ಬೀಸುವ ಎಷ್ಟೋ ಜನರಿಗೆ ಅದೇ ಇಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಗುತ್ತಿಗೆ ಕರಾರಿನಲ್ಲೇ ಬಲೆ ಬೀಸುವ ಮನೆಗಳಿಗೆ ದಿನದ ಸಾರಿನ ಮೀನಿನ ಹಕ್ಕು ಬರೆಯಬೇಕು. ಕೆರೆಯನ್ನು ಮೊದಲು ಸ್ಥಳೀಯ ಸಂಘಕ್ಕೆ ಕೊಡಬೇಕು, ಆ ಸಂಘದಲ್ಲಿ ಮೀನು ಮಾರುವ ಹೆಂಗಸರೂ ಸದಸ್ಯರಾಗಿರಬೇಕು. ಮುಂದಿನ ಗ್ರಾಮಸಭೆಯಲ್ಲಿ ನಿಮ್ಮೂರ ಕೆರೆಯ ಕರಾರು ಓದಿಸಿ ಎಂದು ಕೇಳಿ. ಮೇಷ್ಟ್ರು, ಮೇಡಂಗಳು ಕೇಳಿದರೆ ಸುಲಭವಾಗಿ ತಳ್ಳಿಹಾಕೋಕಾಗಲ್ಲ.

ಶಾಲೆಯ ಮಟ್ಟದಲ್ಲಿ ಒಂದು ಕೆಲಸವಿದೆ. ಕೆರೆ ಬತ್ತುವ ಏಪ್ರಿಲ್, ಮೇ ತಿಂಗಳಲ್ಲೇ ಬಿಸಿಯೂಟವೂ ನಿಲ್ಲುತ್ತದೆ. 2024ರ ಬೇಸಿಗೆ ರಜೆಯಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ಊಟ ಕೊಟ್ಟಿದ್ದರು. ಬರ ಘೋಷಣೆಯಾಗದ ವರ್ಷವೂ ಈ ಮಕ್ಕಳಿಗೆ ಅದು ಬೇಕು. ರಜೆಗೆ ಎರಡು ತಿಂಗಳು ಮುಂಚೆಯೇ ಶಾಲಾಭಿವೃದ್ಧಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಠರಾವು ಮಾಡಿ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಕೊಡಿ. ಅದರ ಪ್ರತಿಯನ್ನು ನಮಗೂ ಕಳಿಸಿ, ಪತ್ರಿಕೆಯಲ್ಲಿ ಹಾಕುತ್ತೇವೆ.

– ಸಂಪಾದಕ