ಎರಡೂ ಸ್ಕ್ರೀನ್ ಮಂಕೇ? ಮೊದಲು ನಾಬ್ ನೋಡಿ

ಪ್ರಶ್ನೆ: ನಾನು ತರಬೇತಿ ಪೈಲಟ್, ರಜೆಗೆ ಧಾರವಾಡಕ್ಕೆ ಬಂದಿದ್ದೇನೆ. ನಾವು ಹಾರಿಸುವ ಪುಟ್ಟ ವಿಮಾನ ಸೆಸ್ನಾ 172ರಲ್ಲಿ ಗಾರ್ಮಿನ್ ಜಿ1000 ಇದೆ, ಅಂದರೆ ಮುಳ್ಳಿನ ಮೀಟರ್‌ಗಳ ಬದಲು ಎರಡು ಸ್ಕ್ರೀನ್. ಒಂದು ಬೆಳಿಗ್ಗೆ ಎರಡೂ ಸ್ಕ್ರೀನ್ ಓದಲಾಗದಷ್ಟು ಮಂಕಾಗಿದ್ದವು. ಬ್ಯಾಕ್‌ಲೈಟ್ ಹೋಗಿದೆ ಅಂದರು. ನಿಜವೇ ಸರ್?

ಉತ್ತರ: ಎರಡು ಬ್ಯಾಕ್‌ಲೈಟ್ ಒಂದೇ ರಾತ್ರಿಯಲ್ಲಿ ಹೋಗುವುದು ಬಹಳ ಅಪರೂಪ. ಈ ಮಾತು ಕೇಳಿ ಕೇಳಿ ಸಾಕಾಗಿದೆ. ಎರಡೂ ಒಟ್ಟಿಗೆ ಮಂಕಾದರೆ ಎರಡಕ್ಕೂ ಸೇರಿದ, ಬೆಳಕು ಏರಿಳಿಸುವ ಏವಿಯಾನಿಕ್ಸ್ ಡಿಮ್ಮರ್ ನಾಬ್ ಹಿಡಿಯಿರಿ. ಅದು ಪೂರ್ತಿ ಎಡಕ್ಕೆ, ಆಫ್‌ನಲ್ಲಿದ್ದರೆ ಚೌಕಟ್ಟಿನ ಫೋಟೊಸೆಲ್ ಹೊರಗಿನ ಬೆಳಕು ನೋಡಿ ಸ್ಕ್ರೀನ್ ಬೆಳಗಿಸುತ್ತದೆ. ಒಂಚೂರು ಬಲಕ್ಕೆ ಸರಿದಿದ್ದರೂ ನಾಬ್ ಕೊಟ್ಟಷ್ಟೇ ಬೆಳಕು. ರಾತ್ರಿ ಹಾರಿಸಿದವರು ಹಾಗೇ ಬಿಟ್ಟು ಇಳಿದಿರುತ್ತಾರೆ, ಬೆಳಗಿನ ಬಿಸಿಲಿಗೆ ಆ ಬೆಳಕು ಎಲ್ಲಿ ಸಾಲುತ್ತದೆ? ಇನ್ನೂ ಬಲಕ್ಕೆ ತಿರುಗಿಸುತ್ತ ಕೂರಬೇಡಿ, ಆಫ್‌ಗೆ ತನ್ನಿ.

ಅದಕ್ಕೂ ಬಗ್ಗದಿದ್ದರೆ ಪಿಎಫ್‌ಡಿಯ (ಪೈಲಟ್ ಎದುರಿನ ಮುಖ್ಯ ಸ್ಕ್ರೀನ್) ಮೆನು ಒತ್ತಿ, ಡಿಸ್‌ಪ್ಲೇ ಸಾಲು ‘ಆಟೊ’ದಲ್ಲಿದೆಯೇ ನೋಡಿ. ‘ಮ್ಯಾನ್ಯುಯಲ್’ ಇದ್ದರೆ ಬದಲಿಸಿ. ಒಂದೇ ಸ್ಕ್ರೀನ್ ಮಂಕಾಗಿದ್ದರೆ ಅದರ ಫೋಟೊಸೆಲ್ ಮೇಲೆ ಹೆಬ್ಬೆರಳಿಟ್ಟು ಕೆಲವು ಸೆಕೆಂಡ್ ಕಾಯಿರಿ. ಬೆಳಕು ಇಳಿದು, ಬೆರಳು ತೆಗೆದಾಗ ಏರಬೇಕು. ಏರಿಳಿಯದಿದ್ದರೆ ಧೂಳು ಕೂತಿದೆ, ಇಲ್ಲವೇ ಸೆಲ್ ಕೆಟ್ಟಿದೆ.

ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಏಪ್ರನ್ (ವಿಮಾನ ನಿಲ್ಲಿಸುವ ಅಂಗಳ) ಮೇಲೆ ಬಾಗಿಲು ಮುಚ್ಚಿ ನಿಲ್ಲಿಸಿದ ವಿಮಾನದಲ್ಲಿ ಇನ್ನೊಂದು ಕಾರಣವೂ ಇರಬಹುದು. ‘ಎಂಎಫ್‌ಡಿ1 ಕೂಲಿಂಗ್’ (ಎಂಎಫ್‌ಡಿ ಅಂದರೆ ಎರಡನೇ ಸ್ಕ್ರೀನ್) ಎಂಬ ಸಂದೇಶ ಬಂದರೆ ಬಿಸಿ ತಾಳದೆ ಸ್ಕ್ರೀನ್ ತಾನೇ ವಿದ್ಯುತ್ ಬಳಕೆ ಇಳಿಸುತ್ತಿದೆ ಎಂದರ್ಥ. ಹಿಂಬದಿಯ ಫ್ಯಾನ್ ತಿರುಗುತ್ತಿದೆಯೇ ನೋಡಿಸಿ.

ನಾಬ್ ತಿರುಗಿಸುವಾಗ ಬೆಳಕು ಜಿಗಿದರೆ ಬಿ2 ಲೈಸೆನ್ಸ್ (ವಿಮಾನದ ಎಲೆಕ್ಟ್ರಾನಿಕ್ಸ್ ದುರಸ್ತಿಯದು) ಇರುವ ಎಂಜಿನಿಯರ್ ಮಲ್ಟಿಮೀಟರ್‌ನಲ್ಲಿ ಲೈಟಿಂಗ್ ಬಸ್, ಅಂದರೆ ನಾಬ್‌ನಿಂದ ಬೆಳಕಿನ ವೋಲ್ಟೇಜ್ ಒಯ್ಯುವ ಲೈನ್, ಅಳೆಯಲಿ. ವೋಲ್ಟೇಜ್ ನಯವಾಗಿ ಏರಬೇಕು. ನಡುವೆ ಹಾರಿದರೆ ನಾಬ್ ಹಿಂದಿನ ಪೊಟೆನ್ಶಿಯೋಮೀಟರ್ ಸವೆದಿದೆ ಅಥವಾ ಅರ್ತಿಂಗ್ ಸಡಿಲವಾಗಿದೆ. ಇಷ್ಟನ್ನೂ ನೋಡದೆ ಯೂನಿಟ್ ಬಿಚ್ಚಿಸಬೇಡಿ. ಹಾರಾಟದಲ್ಲೇ ಒಂದು ಸ್ಕ್ರೀನ್ ಕತ್ತಲಾದರೆ ಕಾರಣ ಹುಡುಕಬೇಡಿ, ಮುಖ್ಯ ಮಾಹಿತಿಯನ್ನು ಉಳಿದ ಸ್ಕ್ರೀನಿಗೆ ತರುವ ಕೆಂಪು ಡಿಸ್‌ಪ್ಲೇ ಬ್ಯಾಕಪ್ ಗುಂಡಿ ಒತ್ತಿ.

ಪ್ರಶ್ನೆ: ತಲೆ ವಾಲಿಸಿದರೆ ಸ್ಕ್ರೀನ್ ಕಪ್ಪಾಗುತ್ತದೆ. (ಹಾವೇರಿ)

ಉತ್ತರ: ಪೋಲರೈಸ್ಡ್ ಕನ್ನಡಕ ತೆಗೆಯಿರಿ, ವಾಲಿದಾಗ ಅದೇ ಸ್ಕ್ರೀನಿನ ಬೆಳಕು ತಡೆಯುತ್ತದೆ.

ಪ್ರಶ್ನೆ: ಮನೆಯ ಗಾಜು ಒರೆಸುವ ದ್ರಾವಣದಿಂದ ಸ್ಕ್ರೀನ್ ಒರೆಸಬಹುದೇ? (ಹುಬ್ಬಳ್ಳಿ)

ಉತ್ತರ: ಬೇಡವೇ ಬೇಡ. ಅದರಲ್ಲಿ ಅಮೋನಿಯಾ ಇದ್ದರೆ ಪ್ರತಿಫಲನ ತಡೆಯುವ ಲೇಪ ಹಾಳಾಗುತ್ತದೆ, ಆಮೇಲೆ ಬಿಸಿಲಲ್ಲಿ ನಿಮ್ಮ ಮುಖವೇ ಕಾಣುತ್ತದೆ. ಆ ಲೇಪಕ್ಕೆ ಒಗ್ಗುವ ಕನ್ನಡಕದ ಕ್ಲೀನರನ್ನು ಎಳೆ ಬಿಡದ ಬಟ್ಟೆಗೆ ಹಾಕಿ ಒರೆಸಿ.

ಪ್ರಶ್ನೆ: ಹಳೆಯ ಕಿಂಗ್ ಕೆಎಕ್ಸ್ 155 ರೇಡಿಯೊದ ಅಂಕಿಗಳು ಮಾಸಿವೆ. ಮೊಬೈಲ್ ರಿಪೇರಿಯವರು ಸರಿ ಮಾಡುತ್ತೇವೆ ಅನ್ನುತ್ತಾರೆ. (ಗದಗ)

ಉತ್ತರ: ಅವರ ಕೈಗೆ ಕೊಡಲೇಬೇಡಿ. ಅದು ಗ್ಯಾಸ್ ಡಿಸ್‌ಚಾರ್ಜ್ ಡಿಸ್‌ಪ್ಲೇ, ಒಳಗೆ ಹೈ ವೋಲ್ಟೇಜ್ ಇರುತ್ತದೆ. ಸಿಎಆರ್-145 (ವಿಮಾನ ದುರಸ್ತಿ ಸಂಸ್ಥೆಗಳ ಸರ್ಕಾರಿ ನಿಯಮ) ಮಾನ್ಯತೆ ಇರುವ ಶಾಪ್‌ಗೇ ಕಳಿಸಿ.