ಸಹಿ ಹಾಕಿದ ಮಾತ್ರಕ್ಕೆ ಎಲ್ಲ ಮುಗೀತಾ?

ಓದುಗರೊಬ್ಬರು ಬರೆದಿದ್ದಾರೆ: ‘ತಂದೆಗೆ ಕರುಳಿನ ಆಪರೇಷನ್ ಆಯಿತು. ಐದನೇ ದಿನ ಗಾಯದಲ್ಲಿ ಕೀವು ಕಂಡು, ಮತ್ತೆ ಆಪರೇಷನ್ ಮಾಡಬೇಕಾಯಿತು. ಕೇಳಿದರೆ, “ಇಂಥದ್ದೆಲ್ಲ ಆಗುತ್ತೆ, ನೀವೇ ಸಹಿ ಹಾಕಿದ್ದೀರಲ್ಲ” ಅಂತಾರೆ ಡಾಕ್ಟರು. ಇದು ನಿರ್ಲಕ್ಷ್ಯ ಅಲ್ವಾ?’

ಸಂಪಾದಕರ ಉತ್ತರ:

ಮೊದಲು ಸಹಿ ವಿಷಯ ಮುಗಿಸಿಬಿಡೋಣ. ನೀವು ಒಪ್ಪಿದ್ದು ಚಿಕಿತ್ಸೆಗೆ, ಅದರ ಜೊತೆಗಿರುವ ಅಪಾಯಕ್ಕೆ. ಬೇಜವಾಬ್ದಾರಿಗೆ ಯಾರೂ ಒಪ್ಪಿಗೆ ಕೊಟ್ಟಿರುವುದಿಲ್ಲ. ಅಪಾಯ ಏನೆಂದು ಬಿಡಿಸಿ ಹೇಳದೆ ಹಾಕಿಸಿಕೊಂಡ ಸಹಿಗಂತೂ ಕೋರ್ಟಿನಲ್ಲಿ ಹೆಚ್ಚು ಬೆಲೆಯಿಲ್ಲ. 2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಮಾಂಟ್ಗೊಮರಿ ಪ್ರಕರಣದಲ್ಲಿ ಇದನ್ನೇ ಗಟ್ಟಿಮಾಡಿತು. ಮಾಂಟ್ಗೊಮರಿ ಸಕ್ಕರೆ ಕಾಯಿಲೆಯಿದ್ದ ಗರ್ಭಿಣಿ. ಹೆರಿಗೆಯಲ್ಲಿ ಮಗುವಿನ ಭುಜ ಸಿಕ್ಕಿಕೊಳ್ಳುವ ಸಂಭವ ಶೇಕಡಾ 9ರಿಂದ 10ರಷ್ಟಿತ್ತು. ಹೇಳಿದರೆ ಸಿಸೇರಿಯನ್ ಕೇಳುತ್ತಾರೆ ಅಂತ ಡಾಕ್ಟರ್ ಸುಮ್ಮನಿದ್ದರು. ರೋಗಿಗೆ ಯಾವ ಅಪಾಯ ಮುಖ್ಯ ಅನ್ನಿಸಬಹುದೋ ಅದನ್ನು ಹೇಳಲೇಬೇಕು ಎಂದಿತು ಕೋರ್ಟ್.

ಇನ್ನು ಕೀವಿನ ಮಾತು. ಹೊಟ್ಟೆಯಲ್ಲಿ ಬಟ್ಟೆಯ ಸ್ಪಂಜು ಬಿಟ್ಟು ಹೊಲಿದರೆ ಹೆಚ್ಚು ವಾದ ಬೇಕಿಲ್ಲ, ತಪ್ಪು ಎದ್ದು ಕಾಣುತ್ತದೆ. ಸೋಂಕು ಹಾಗಲ್ಲ. ಎಷ್ಟೇ ಜೋಪಾನ ಮಾಡಿದರೂ ಆಗಬಹುದು, ಕರುಳಿನ ಆಪರೇಷನ್ನಿನಲ್ಲಿ ಇನ್ನೂ ಜಾಸ್ತಿ. ಹಾಗಾಗಿ ‘ಸೋಂಕು ಯಾಕಾಯಿತು’ ಅಂತ ಹಿಡಿದು ಹೊರಟರೆ ಕೇಸು ನಿಲ್ಲುವುದು ಕಷ್ಟ.

ಆದರೆ ‘ಐದನೇ ದಿನ’ ಅಂದಿರಲ್ಲ, ಅಲ್ಲಿ ನೋಡಬೇಕಾದ್ದಿದೆ. ಸಾಮಾನ್ಯವಾಗಿ ಕೀವು ಕಾಣುವ ಮೊದಲೇ ಜ್ವರ ಏರಿರುತ್ತದೆ, ನಾಡಿ ಜೋರಾಗಿರುತ್ತದೆ, ನೋವು ಹೆಚ್ಚಿರುತ್ತದೆ. ನರ್ಸ್ ಬರೆಯುವ ಜ್ವರದ ಚಾರ್ಟಿನಲ್ಲಿ ಅದೆಲ್ಲ ಗಂಟೆ ಸಮೇತ ಇರಬೇಕು. ಮೂರನೇ ದಿನ ರಾತ್ರಿಯೇ ಜ್ವರ ಏರಿತ್ತಾ? ಡಾಕ್ಟರಿಗೆ ಫೋನ್ ಹೋಯಿತಾ? ಅವರು ಬಂದು ನೋಡಿದ್ದು ಯಾವಾಗ? ಬಹಳ ಕೇಸುಗಳ ಜೀವ ಇರುವುದು ಈ ಹಾಳೆಗಳಲ್ಲಿ.

ತಡ ಮಾಡಿದರು ಅಂತ ತೋರಿಸಿದರೂ ಸಾಲದು. ಆ ತಡದಿಂದಲೇ ಕೆಡುಕಾಯಿತು ಅಂತಲೂ ತೋರಿಸಬೇಕು. ಇಂಗ್ಲೆಂಡಿನಲ್ಲಿ 1968ರ ಬಾರ್ನೆಟ್ ತೀರ್ಪು ಇದಕ್ಕೆ ಕಟುವಾದ ಉದಾಹರಣೆ. ರಾತ್ರಿ ಪಾಳಿಯ ಮೂವರು ಕಾವಲುಗಾರರು ಟೀ ಕುಡಿದು ವಾಂತಿ ಮಾಡಿಕೊಳ್ಳುತ್ತ ಆಸ್ಪತ್ರೆಗೆ ಬಂದರು. ಡ್ಯೂಟಿ ಡಾಕ್ಟರ್ ನೋಡಲೇ ಇಲ್ಲ. ಮನೆಗೆ ಹೋಗಿ ತಮ್ಮ ಡಾಕ್ಟರನ್ನು ಕರೆಸಲಿ ಅಂತ ನರ್ಸಿಗೆ ಫೋನಿನಲ್ಲೇ ಹೇಳಿಬಿಟ್ಟರು. ಟೀಯಲ್ಲಿ ಆರ್ಸೆನಿಕ್ ಎಂಬ ವಿಷ ಇತ್ತು. ಕೆಲವೇ ಗಂಟೆಗಳಲ್ಲಿ ಅವರಲ್ಲೊಬ್ಬರಾದ ಬಾರ್ನೆಟ್ ತೀರಿಕೊಂಡರು. ನೋಡದೆ ಕಳಿಸಿದ್ದು ನಿರ್ಲಕ್ಷ್ಯವೇ ಎಂದಿತು ಕೋರ್ಟ್. ಆದರೂ ಬಾರ್ನೆಟ್ ಅವರ ಹೆಂಡತಿ ಕೇಸು ಸೋತರು. ದಾಖಲಿಸಿಕೊಂಡಿದ್ದರೂ ಮದ್ದು ಕೊಡುವಷ್ಟರಲ್ಲಿ ಸಾವು ಬಂದೇ ಬರುತ್ತಿತ್ತು ಎಂಬುದು ಕಾರಣ. ಓದಿದರೆ ಸಿಟ್ಟು ಬರುತ್ತದೆ, ನನಗೂ ಬಂತು. ಆದರೆ ಕಾನೂನಿನ ಲೆಕ್ಕ ಹೀಗೇ ಇದೆ.

ಈ ಗುದ್ದಾಟವೇ ಬೇಡ ಅಂತ ನ್ಯೂಜಿಲೆಂಡ್ 1974ರಿಂದ ಬೇರೆ ದಾರಿ ಹಿಡಿದಿದೆ. ಅಲ್ಲಿ ಗಾಯಕ್ಕೆ ಪರಿಹಾರ ಸರ್ಕಾರಿ ನಿಧಿಯಿಂದ ಬರುತ್ತದೆ. ಚಿಕಿತ್ಸೆಯಿಂದಾದ ಗಾಯಕ್ಕೆ ಈಗ ಡಾಕ್ಟರ ತಪ್ಪನ್ನು ಸಾಬೀತು ಮಾಡಬೇಕಿಲ್ಲ. ನನಗೆ ಇದೇ ವಾಸಿ ಅನ್ನಿಸುತ್ತದೆ.

ಸದ್ಯ ನೀವು ಮಾಡಬೇಕಾದ್ದು: ಪೂರ್ತಿ ಫೈಲಿನ ನಕಲು ಬೇಕು ಅಂತ ಆಸ್ಪತ್ರೆಗೆ ಬರೆದು ಕೊಡಿ. ಡಿಸ್ಚಾರ್ಜ್ ಹಾಳೆಯೊಂದೇ ಸಾಲದು, ನರ್ಸುಗಳ ಚಾರ್ಟೂ ಬೇಕು. ಅದನ್ನು ಇದೇ ಬಗೆಯ ಆಪರೇಷನ್ ಮಾಡುವ ಬೇರೊಬ್ಬ ಡಾಕ್ಟರಿಗೆ ತೋರಿಸಿ, ಆಮೇಲೆ ವಕೀಲರ ಹತ್ತಿರ ಹೋಗಿ. ದಾವೆ ಹೂಡಲು ಕಾಲಮಿತಿ ಇರುತ್ತದೆ, ತಡಮಾಡಬೇಡಿ.