ಎಚ್ಚರಿದ್ದಾಗ ಬರೆದದ್ದು ಒಂದಾದರೂ ಇದೆಯೇ?

ಮರೆವಿನ ಕಾಯಿಲೆಯ ಅಪ್ಪ-ಅಮ್ಮನ ವಿಡಿಯೋವನ್ನು ಸ್ಟೇಟಸ್‌ಗೆ ಹಾಕಿ, ಒಡಹುಟ್ಟಿದವರ ಜೊತೆ ಮಾತು ಬಿಟ್ಟು ಸಲಹೆ ಕೇಳಿ ನನ್ನ ಬಳಿ ಬರುವವರು ಈಚೆಗೆ ಹೆಚ್ಚಾಗಿದ್ದಾರೆ. ಅವರಿಗೆಲ್ಲ ನಾನು ಕೇಳುವ ಪ್ರಶ್ನೆ ಒಬ್ಬ ಕಲಾವಿದನ ಪ್ರಕರಣದಿಂದ ಬಂದದ್ದು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಧಾರವಾಡದ ಕಡೆಯವರು, ಐವತ್ತರ ಆಸುಪಾಸು. ಎಂಬತ್ತು ದಾಟಿದ ಅವ್ವನ ಸ್ನಾನ, ಊಟ, ಡೈಪರ್ ಎಲ್ಲ ಇವರದೇ. ಬಿಡುವಾದಾಗ ಇದ್ದಿಲು ಹಿಡಿದು ಅವ್ವನನ್ನೇ ಬರೆಯುತ್ತಿದ್ದರು. ಪ್ರದರ್ಶನ ನಿಕ್ಕಿಯಾದಾಗ ಅಕ್ಕ ಅಡ್ಡ ಬಂದರು: "ಅವ್ವನ ಮಾನ ಗ್ವಾಡಿಗೆ ತೂಗಹಾಕ್ತೀಯೇನು?" ಹಬ್ಬಕ್ಕೆ ಮಾತ್ರ ಬಂದು ಹೋಗುವವಳು ಇದನ್ನು ಹೇಳಬೇಕೇ ಎಂದು ತಮ್ಮನ ಸಿಟ್ಟು. ಆ ಸಿಟ್ಟು ನ್ಯಾಯವಾದದ್ದೇ.

ಇಬ್ಬರನ್ನೂ ಕೂರಿಸಿದ ದಿನ ಅವರು ಚಿತ್ರಗಳ ಕಟ್ಟು ತಂದಿದ್ದರು. ಹಲ್ಲಿನ ಸೆಟ್ ತೆಗೆದಿಟ್ಟು ಒಳಗೆ ಸೇದಿಕೊಂಡ ಬಾಯಿ, ಜಾರಿದ ಸೆರಗು, ಕತ್ತಿನ ಕುಳಿಯಲ್ಲಿ ಇದ್ದಿಲನ್ನು ಹೆಬ್ಬೆರಳಿನಿಂದ ತೀಡಿದ ಗುರುತು. ಕೆಟ್ಟ ಚಿತ್ರಗಳಾಗಿದ್ದರೆ ನನ್ನ ಕೆಲಸ ಸುಲಭವಿತ್ತು.

"ಡ್ಯೂರರ್ ತನ್ನ ತಾಯೀನ್ನ ಬರದಿಲ್ಲೇನ್ರೀ?" ಎನ್ನುತ್ತ ಮೊಬೈಲಿನಲ್ಲಿ ತೋರಿಸಿದರು. ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1514ರಲ್ಲಿ ಬರೆದ ಇದ್ದಿಲಿನ ಚಿತ್ರ, ಈಗ ಬರ್ಲಿನ್‌ನಲ್ಲಿದೆ. ಮಗ ಬರೆದಾಗ ತಾಯಿಗೆ 63 ವರ್ಷ. ಎರಡೇ ತಿಂಗಳಲ್ಲಿ ತೀರಿಕೊಂಡಳು. ಗುಳಿಬಿದ್ದ ಕೆನ್ನೆ, ಎದ್ದು ಕಾಣುವ ಕತ್ತಿನ ನರ, ಯಾವುದನ್ನೂ ಅವನು ಮುಚ್ಚಿಲ್ಲ.

ಅಕ್ಕ ಡ್ಯೂರರ್ ಹೆಸರು ಕೇಳಿದವರಲ್ಲ. ಮೊಬೈಲ್ ಇಸಕೊಂಡು ಬಹಳ ಹೊತ್ತು ನೋಡಿದರು. "ಈಕಿ ತಲಿಮ್ಯಾಲೆ ಬಟ್ಟಿ ಐತಿ. ಕಣ್ಣೂ ತೆರದಾವ. ನೀ ಅವ್ವ ಎಚ್ಚರಿದ್ದಾಗ ಬರದಿದ್ದು ಒಂದರ ತೋರಸೋ ತಮ್ಮಾ."

ಅವರು ಕಟ್ಟನ್ನು ಮೇಲಿಂದ ಕೆಳಗೆ ತಿರುವಿದರು. ಒಂದೂ ಇರಲಿಲ್ಲ.

"ಎಚ್ಚರಿದ್ರ 'ಯಾರ ಮನ್ಯಾಂವಪಾ ನೀ' ಅಂತಾಳ್ರೀ," ಎಂದರು ಕೊನೆಗೆ. "ನಿದ್ದ್ಯಾಗ ಇದ್ರ ನಮ್ಮವ್ವನ ಇರ್ತಾಳ."

ಅಕ್ಕ ಅತ್ತರು. ತಮ್ಮ ಅಳಲಿಲ್ಲ.

ಬರೆಯುವುದನ್ನು ನಿಲ್ಲಿಸಿ ಎಂದು ನಾನು ಹೇಳಲಿಲ್ಲ. ಹಗಲಿಡೀ ಸೇವೆ ಮಾಡುವವರಿಗೆ ಉಸಿರಾಡಲು ಒಂದು ಜಾಗ ಬೇಕು. ಆದರೆ ಅವ್ವ ಎದ್ದಿರುವಾಗ, ಬೆಳಿಗ್ಗೆ, ಎದುರು ಕೂತು ಬರೆಯಿರಿ ಎಂದೆ. ಈ ಕಾಯಿಲೆಯಲ್ಲಿ ಅನೇಕರಿಗೆ ಸಂಜೆಯಾಗುತ್ತಿದ್ದಂತೆ ಗೊಂದಲ ಹೆಚ್ಚುತ್ತದೆ. ನಿನ್ನೆಯ ಒಪ್ಪಿಗೆ ಇವತ್ತಿಗೆ ಸಲ್ಲುವುದಿಲ್ಲ, ದಿನಾ ಕೇಳಬೇಕು. ಮುಖ ತಿರುಗಿಸಿದರೆ ಬೇಡ ಎಂದೇ ಅರ್ಥ. ಮಲಗಿದ ಚಿತ್ರಗಳನ್ನು ಅವ್ವ ಇರುವಷ್ಟು ದಿನ ಹೊರಗಿಡಬಾರದು.

ಕಲೆಗೆ ಕಡಿವಾಣ ಹಾಕಿದೆ ಎಂದು ಗೆಳೆಯರೊಬ್ಬರು ಆಕ್ಷೇಪಿಸಿದರು. ಹಾಕಿದ್ದೇನೆ, ಸರಿ. ಕಲಾಶಾಲೆಯಲ್ಲಿ ಮಾಡೆಲ್ ಆಗಿ ಕೂತವರು ಸಾಕೆನಿಸಿದರೆ ಎದ್ದು ಹೋಗಬಹುದು. ಆ ಅವ್ವನಿಗೆ ಅದಾಗದು. ಮಾತ್ರೆ ಯಾವುದು, ಗಂಜಿ ಎಷ್ಟು ಎಂದು ತೀರ್ಮಾನಿಸುವ ಮಗನಿಗೆ ತಾಯಿಯ ಮೈಯನ್ನು ಊರಿಗೆ ತೋರಿಸುವ ಅಧಿಕಾರವೂ ತಾನಾಗಿ ಸಿಗುವುದಿಲ್ಲ. ಸ್ಟೇಟಸ್ ಹಾಕುವವರಿಗೂ ಇದೇ ಮಾತು: ಅಪ್ಪ-ಅಮ್ಮ ತಮ್ಮ ಅರಿವು ನೆಟ್ಟಗಿದ್ದ ಕಾಲದಲ್ಲಿ ಹೀಗೆ ಕಾಣಿಸಿಕೊಳ್ಳಲು ಒಪ್ಪುತ್ತಿದ್ದರೇ?

ಅಕ್ಕನಿಗೂ ಬಿಡಲಿಲ್ಲ. ಮಾನದ ಚಿಂತೆ ಇರುವವರು ತಿಂಗಳಿಗೊಂದು ವಾರ ಬಂದು ಡೈಪರ್ ಬದಲಿಸಬೇಕು ಎಂದೆ. ಈಗ ಬರುತ್ತಿದ್ದಾರೆ. ತಮ್ಮನ ಹೊಸ ಚಿತ್ರಗಳಲ್ಲಿ ಅವ್ವ ಅಲುಗಾಡಿ ಗೆರೆ ಕೆಟ್ಟಿದೆಯಂತೆ. ಹಾಗಂತ ಅವರೇ ಗೊಣಗಿದರು.

ಹಳೆಯ ಕಟ್ಟನ್ನು ಸುಟ್ಟುಹಾಕಿಸಿ ಎಂದು ಅಕ್ಕ ಹಟ ಹಿಡಿದಿದ್ದರು. ನಾನು ಒಪ್ಪಲಿಲ್ಲ. ಅದರಲ್ಲಿ ಅವ್ವನ ಮೈಯಷ್ಟೇ ತಮ್ಮನ ದುಃಖವೂ ಇದೆ, ಅವರ ಟ್ರಂಕಿನಲ್ಲೇ ಇರಲಿ ಎಂದೆ. ಆ ವಿಷಯಕ್ಕೆ ನನ್ನ ಮೇಲೆ ಅಕ್ಕನ ಮುನಿಸು ಇನ್ನೂ ಇಳಿದಿಲ್ಲ.